ಹಿಮ ಕರಗಿದ ಮೇಲೆ ಅಂಗಳದ ಕೆಲಸ

ಕಾಶ್ಮೀರಕ್ಕೆ ಪ್ರವಾಸ ಹೋಗಿ ಬಂದವರು ನಿಮ್ಮ ನೆರೆಕರೆಯಲ್ಲಿದ್ದರೆ ಅವರು ತಂದ ಫೋಟೋಗಳನ್ನು ನೀವೂ ನೋಡಿರಬಹುದು. ದಾಲ್ ಸರೋವರದ ಬಳಿ, ಜಬರ್‌ವಾನ್ ಬೆಟ್ಟದ ಬುಡದಲ್ಲಿ ಸಾಲು ಸಾಲು ಟ್ಯುಲಿಪ್ ಹೂಗಳು. 2007ರಲ್ಲಿ ಸ್ಥಾಪನೆಯಾದ ಆ ಉದ್ಯಾನವು ಮಾರ್ಚ್ ಕೊನೆಯ ಹೊತ್ತಿಗೆ ತೆರೆದರೆ ಸುಮಾರು ಒಂದು ತಿಂಗಳಲ್ಲಿ ಹೂವೆಲ್ಲ ಮುಗಿದೇ ಹೋಗುತ್ತದೆ. ಆದರೆ ಶ್ರೀನಗರದ ಹೂವೆಲ್ಲ ಆ ಉದ್ಯಾನದಲ್ಲಿಯೇ ಇಲ್ಲ. ಸಾಮಾನ್ಯ ಮನೆಗಳ ಅಂಗಳದಲ್ಲಿಯೂ ಗುಲಾಬಿ, ಐರಿಸ್, ಪ್ಯಾನ್ಸಿ, ಡೇಲಿಯಾಗಳಿವೆ. ಅವುಗಳ ಹಿಂದೆ ಮನೆಯವರ ಬೆನ್ನುನೋವೂ ಇದೆ. ಫೋಟೋದಲ್ಲಿ ಅದು ಕಾಣುವುದಿಲ್ಲ.

ನಮ್ಮಲ್ಲಿ ಹೂದೋಟಕ್ಕೆ ಇಂಥ ತಿಂಗಳು ಎಂದೇನೂ ಇಲ್ಲ. ಮಲ್ಲಿಗೆ ಮುಗಿದರೆ ಸೇವಂತಿಗೆ, ಅದೂ ಮುಗಿದರೆ ದಾಸವಾಳ ಇದ್ದೇ ಇದೆ. ಸಮುದ್ರಮಟ್ಟದಿಂದ ಸುಮಾರು 1,585 ಮೀಟರ್ ಎತ್ತರದಲ್ಲಿರುವ ಶ್ರೀನಗರದಲ್ಲಿ ಹಾಗಲ್ಲ. ಡಿಸೆಂಬರ್ 21ರಿಂದ ನಲವತ್ತು ದಿನ ‘ಚಿಲ್ಲಾಯ್ ಕಲಾನ್’, ಅಂದರೆ ದೊಡ್ಡ ಚಳಿ. ನಂತರ ಇಪ್ಪತ್ತು ದಿನ ‘ಚಿಲ್ಲಾಯ್ ಖುರ್ದ್’, ಮತ್ತೆ ಹತ್ತು ದಿನ ‘ಚಿಲ್ಲಾಯ್ ಬಚ್ಚಾ’. ಈ ಎಪ್ಪತ್ತು ದಿನ ಮಣ್ಣಿಗೆ ಕೈ ಹಾಕುವಂತಿಲ್ಲ. ಆದುದರಿಂದ ವಸಂತದ ಹೂವಿಗೆ ಬೇಕಾದ ಕೆಲಸವನ್ನು ಶರತ್ಕಾಲದಲ್ಲಿಯೇ ಮುಗಿಸಿಡಬೇಕು.

ಅಕ್ಟೋಬರ್, ನವೆಂಬರ್ ತಿಂಗಳಲ್ಲಿ ಚಿನಾರ್ ಮರದ ಎಲೆಗಳು ಕೆಂಪಾಗಿ ಉದುರುತ್ತವೆ. ಅವನ್ನು ಗುಡಿಸಿ ನಿಧಾನವಾಗಿ ಸುಟ್ಟು, ನೀರು ಚಿಮುಕಿಸಿ ಇದ್ದಿಲು ಮಾಡುತ್ತಾರೆ. ಚಳಿಗಾಲದಲ್ಲಿ ಫಿರನ್ ಒಳಗೆ ಹಿಡಿದುಕೊಳ್ಳುವ ಕಾಂಗ್ಡಿಗೆ ಅದೇ ಬೆಂಕಿ. ಟ್ಯುಲಿಪ್ ಮತ್ತು ನರ್ಗಿಸ್ ಗೆಡ್ಡೆಗಳನ್ನು ನೆಡುವುದೂ ಇದೇ ಸಮಯದಲ್ಲಿ. ಗೆಡ್ಡೆ ಎಷ್ಟು ಎತ್ತರವಿದೆಯೋ ಅದರ ಮೂರು ಪಟ್ಟು ಆಳದ ಗುಂಡಿ, ಮೊನೆ ಮೇಲಕ್ಕೆ. ಡೇಲಿಯಾದ ಲೆಕ್ಕ ಬೇರೆ. ಮೊದಲ ಮಂಜಿಗೆ ಅದರ ಎಲೆ ಕಪ್ಪಾಗುತ್ತದೆ, ಆಗ ಗೆಡ್ಡೆಯನ್ನು ಅಗೆದು ತೆಗೆದು ಒಣ ಮರಳಿನಲ್ಲಿಟ್ಟು ಹೆಪ್ಪುಗಟ್ಟದ ಜಾಗದಲ್ಲಿ ಕಾಪಾಡಬೇಕು. ಬಿಟ್ಟರೆ ಕೊಳೆತು ಹೋಗುತ್ತದೆ.

ಟ್ಯುಲಿಪ್‌ಗೆ ಮಾತ್ರ ಆ ಚಳಿಯೇ ಬೇಕು. ಹನ್ನೆರಡರಿಂದ ಹದಿನಾರು ವಾರ ಚಳಿ ಉಂಡರಷ್ಟೇ ಅದರೊಳಗಿನ ಮೊಗ್ಗು ಸರಿಯಾಗಿ ಮೇಲೇಳುತ್ತದೆ. ಅಲ್ಲಿಂದ ಪ್ರೀತಿಯಿಂದ ಗೆಡ್ಡೆ ತಂದು ಇಲ್ಲಿ ಕುಂಡದಲ್ಲಿ ನೆಟ್ಟು, ಬರೀ ಎಲೆ ಬಂತೆಂದು ನಿರಾಶರಾದ ಸಹೋದರಿಯರೇ, ತಪ್ಪು ನಿಮ್ಮ ಗೊಬ್ಬರದ್ದಲ್ಲ!

ಫೆಬ್ರವರಿ ಕೊನೆ, ಮಾರ್ಚ್ ಬಂತೆಂದರೆ ಹಿಮ ಕರಗುತ್ತದೆ. ನಮ್ಮ ಬೆಂಗಳೂರಿನಲ್ಲಿ ಗುಲಾಬಿ ಗಿಡ ಸವರುವುದು ಅಕ್ಟೋಬರ್‌ನಲ್ಲಾದರೆ ಅಲ್ಲಿ ಈಗ. ಒಣಗಿದ ಕೊಂಬೆಯನ್ನು ಹಸಿರು ತಿರುಳು ಕಾಣುವವರೆಗೆ ಕತ್ತರಿಸುತ್ತಾರೆ. ಆದರೆ ದೊಡ್ಡ ಕೆಲಸ ಕಳೆ ಕೀಳುವುದು. ಹೂವಿಗಿಂತ ಮೊದಲು ಕಣ್ಣು ಬಿಡುವುದು ಕಳೆಯೇ. ಮಣ್ಣು ಒದ್ದೆಯಾಗಿ ಸಡಿಲವಾಗಿರುವ ಈ ಕೆಲವು ವಾರಗಳಲ್ಲಿ ಬೇರು ಸಮೇತ ಸುಲಭವಾಗಿ ಬರುತ್ತದೆ. ಮೇ ತಿಂಗಳಲ್ಲಿ ಗಟ್ಟಿಯಾದ ಮಣ್ಣಿನಿಂದ ಎಳೆದರೆ ಬೇರು ಅರ್ಧಕ್ಕೆ ತುಂಡಾಗಿ, ಉಳಿದರ್ಧ ಮತ್ತೆ ಚಿಗುರುತ್ತದೆ. ನಮ್ಮ ಗರಿಕೆ ಅಲ್ಲಿಯೂ ಇದೆ, ಅದರ ಸ್ವಭಾವ ನಿಮಗೆ ಗೊತ್ತೇ ಇದೆ. ಅದಕ್ಕಿಂತ ಹಠಮಾರಿ ಬೈಂಡ್‌ವೀಡ್ ಎಂಬ ಬಳ್ಳಿ. ಬೇರಿನ ಒಂದು ಚೂರು ಉಳಿದರೂ ಸಾಕು, ಗುಲಾಬಿಯನ್ನು ಸುತ್ತಿಕೊಂಡು ಮೇಲೇರುತ್ತದೆ. ಇಂತಹ ಜಾಗದಲ್ಲಿ ಗುದ್ದಲಿ ಹಾಕಿ ಕೊಚ್ಚುವುದೆಂದರೆ ಒಂದನ್ನು ಹತ್ತು ಮಾಡಿದಂತೆ. ಮಣ್ಣನ್ನು ಆಳವಾಗಿ ಮಗುಚುವುದೂ ಒಳ್ಳೆಯದಲ್ಲ. ವರ್ಷಗಟ್ಟಲೆ ಒಳಗೆ ಮಲಗಿದ್ದ ಬೀಜಗಳು ಬೆಳಕು ಕಂಡು ಮೊಳೆಯುತ್ತವೆ.

ಇನ್ನು ಕಿತ್ತದ್ದನ್ನೆಲ್ಲ ಎಸೆಯುತ್ತಾರೆಯೇ? ಇಲ್ಲ. ಹಳದಿ ಹೂ ಬಿಡುವ, ಬೀಜ ನಮ್ಮ ಮಕ್ಕಳು ಊದುವ ಅಜ್ಜನ ಗಡ್ಡದಂತೆ ಹಾರುವ ಡ್ಯಾಂಡೆಲಿಯನ್ ಗಿಡವನ್ನು ಪಾಶ್ಚಾತ್ಯ ದೇಶಗಳ ತೋಟಗಾರರು ವೈರಿಯೆಂದೇ ತಿಳಿಯುತ್ತಾರೆ. ಕಾಶ್ಮೀರದಲ್ಲಿ ಅದು ‘ಹಂದ್’ ಎಂಬ ಸೊಪ್ಪು. ಎಳೆಯದಾಗಿರುವಾಗ ಕಿತ್ತು ಬೇಯಿಸುತ್ತಾರೆ, ಒಣಗಿಸಿಯೂ ಇಡುತ್ತಾರೆ. ಹೆರಿಗೆಯಾದ ಬಾಣಂತಿಗೆ ಹಂದ್ ಹಾಕಿದ ಅಡುಗೆ ಕೊಡುವುದು ಅಲ್ಲಿನ ಹಳೆಯ ರೂಢಿ. ‘ಸೋಚಲ್’ ಎಂಬ ಇನ್ನೊಂದು ಕಳೆಯೂ ಪಲ್ಯವಾಗುತ್ತದೆ. ನಮ್ಮ ಹೊಲದ ಬದುವಿನ ಬೆರಕೆ ಸೊಪ್ಪು ನೆನಪಾಗುವುದಿಲ್ಲವೇ? ಹಾಗಾಗಿ ಕಳೆ ಕೀಳುವ ಹೆಂಗಸಿನ ಪಕ್ಕ ಎರಡು ರಾಶಿ ಇರುತ್ತದೆ, ಒಂದು ಗೊಬ್ಬರದ ಗುಂಡಿಗೆ, ಇನ್ನೊಂದು ಅಡುಗೆಮನೆಗೆ. ಕಳೆನಾಶಕ ಔಷಧಿ ಸಿಂಪಡಿಸಿದ ಅಂಗಳದಲ್ಲಿ ಈ ಎರಡನೆಯ ರಾಶಿ ಇರಲಾರದು. ಕೆಲಸ ಬೇಗ ಮುಗಿಯುತ್ತದೆಂಬುದು ನಿಜ, ಆದರೂ ತಿನ್ನುವ ಸೊಪ್ಪು ಬೆಳೆಯುವಲ್ಲಿ ಅದನ್ನು ಹಾಕುವುದು ನನಗೆ ಸರಿಕಾಣುವುದಿಲ್ಲ.

ಗುರುತು ಹಿಡಿಯುವುದೇ ಕಷ್ಟದ ವಿಷಯ. ಮಾರ್ಚ್‌ನಲ್ಲಿ ಹೂವಿನ ಮೊಳಕೆ, ಕಳೆಯ ಮೊಳಕೆ ಎರಡೂ ಉಗುರಿನಷ್ಟೇ ಇರುತ್ತವೆ. ನಮ್ಮ ಮದ್ರಸದ ಅಂಗಳದಲ್ಲಿ ಒಮ್ಮೆ ಮಕ್ಕಳಿಗೆ ಕಳೆ ಕೀಳಲು ಹೇಳಿ ನಾನು ಒಳಗೆ ಹೋಗಿದ್ದೆ. ಬಂದು ನೋಡಿದರೆ ಗೊಂಡೆ ಹೂವಿನ ಸಸಿಗಳೂ ರಾಶಿಯಲ್ಲಿದ್ದವು. ತೋರಿಸಿಕೊಡದೆ ಕೆಲಸ ಹೇಳಿದ ತಪ್ಪು ನನ್ನದು. ನಮಗಾದರೆ ಮರುವಾರವೇ ಬೇರೆ ಬೀಜ ಹಾಕಬಹುದು. ಚಳಿಯೂರಿನಲ್ಲಿ ಕಿತ್ತ ಐರಿಸ್‌ಗೆ ಇನ್ನೊಂದು ವರ್ಷ ಕಾಯಬೇಕು. ಆದುದರಿಂದ ಗೆಡ್ಡೆ ನೆಟ್ಟಲ್ಲಿ ಶರತ್ಕಾಲದಲ್ಲಿಯೇ ಕಡ್ಡಿ ಚುಚ್ಚಿಡುವುದು ಒಳ್ಳೆಯದು.

ಬೇಸಿಗೆಯ ಕೆಲಸ ಕಡಿಮೆ. ಟ್ಯುಲಿಪ್ ಹೂ ಬಾಡಿದೊಡನೆ ತಲೆ ಮಾತ್ರ ಚಿವುಟಬೇಕು, ಎಲೆ ಹಳದಿಯಾಗುವ ತನಕ ಮುಟ್ಟಬಾರದು. ಮುಂದಿನ ವರ್ಷದ ಗೆಡ್ಡೆಗೆ ಆಹಾರ ಹೋಗುವುದು ಆ ಎಲೆಯಿಂದ. ಅಂಗಳ ಚೆಂದ ಕಾಣಲಿ ಎಂದು ಕತ್ತರಿಸುವವರು ಬಹಳ ಜನ.

ಈಚೆಗೆ ಈ ಲೆಕ್ಕಾಚಾರವೇ ತಪ್ಪುತ್ತಿದೆ. 2024ರ ಜನವರಿಯಲ್ಲಿ, ಚಿಲ್ಲಾಯ್ ಕಲಾನ್ ನಡುವೆಯೇ, ಗುಲ್ಮಾರ್ಗ್‌ನ ಇಳಿಜಾರುಗಳು ಹಿಮವಿಲ್ಲದೆ ಬೋಳಾಗಿದ್ದವು. ಆ ತಿಂಗಳ ಕೊನೆಗಷ್ಟೇ ಹಿಮ ಬಿತ್ತು. ಪ್ರವಾಸಿಗರು ಬರಲಿಲ್ಲವೆಂಬ ಸುದ್ದಿಯನ್ನು ನಾವು ಓದಿದೆವು. ಅಂಗಳದ ಮಣ್ಣಿಗೂ ಹಿಮ ಬೇಕು, ಅದು ಹೊದಿಕೆಯಿದ್ದಂತೆ. ಹಿಮವಿಲ್ಲದ ಬರಿಮಣ್ಣು ರಾತ್ರಿ ಹೆಪ್ಪುಗಟ್ಟಿ ಹಗಲು ಸಡಿಲವಾಗುತ್ತದೆ, ಹಾಗೆ ಆಗುತ್ತಾ ಮೇಲ್ಮಟ್ಟದ ಗೆಡ್ಡೆಗಳನ್ನೂ ಎಳೆಬೇರುಗಳನ್ನೂ ಮೇಲಕ್ಕೆ ತಳ್ಳುತ್ತದೆ. ಅಂತಹ ವರ್ಷ ಒಣ ಎಲೆಯನ್ನೋ ಹುಲ್ಲನ್ನೋ ದಪ್ಪಗೆ ಹಾಸಬೇಕು. ಎಲೆಯನ್ನೆಲ್ಲ ಕಾಂಗ್ಡಿಗೆ ಸುಟ್ಟುಬಿಟ್ಟರೆ ಗಿಡಕ್ಕೆ ಉಳಿಯುವುದಿಲ್ಲ, ಉಳಿಸಿದರೆ ಮನೆಯವರ ಬೆಚ್ಚಗೆ ಕಡಿಮೆ.

ಮುಂದೆ ನೀವು ನವೆಂಬರ್‌ನಲ್ಲಿ ಶ್ರೀನಗರಕ್ಕೆ ಹೋದರೆ ಮನೆಯಂಗಳಗಳಲ್ಲಿ ಹೂವು ಕಾಣದಿರಬಹುದು. ಬರಿಮಣ್ಣಿನಲ್ಲಿ ಅಲ್ಲಲ್ಲಿ ಕಡ್ಡಿ ಚುಚ್ಚಿದ್ದು ಕಂಡರೆ ಆ ಮಣ್ಣಿನ ಮೇಲೆ ಕಾಲಿಡಬೇಡಿ, ಮಕ್ಕಳನ್ನೂ ಹಿಡಿದುಕೊಳ್ಳಿ.