ಚಿತ್ರದುರ್ಗದಲ್ಲಿ ಇಳಿಯೋದು ಕಲಿತ ‘ಪುಷ್ಪಕ್’

ರಾಕೆಟ್ ಅಂದ್ರೆ ಎಲ್ಲರ ಬಾಯಲ್ಲೂ ಶ್ರೀಹರಿಕೋಟಾ. ಆದ್ರೆ ಬಾಹ್ಯಾಕಾಶಕ್ಕೆ ಹೋಗಿ ವಾಪಸ್ ಬರಬೇಕಾದ ವಾಹನ ಇಳಿಯೋದು ಕಲಿತಿದ್ದು ನಮ್ಮ ಚಿತ್ರದುರ್ಗ ಜಿಲ್ಲೆಯಲ್ಲಿ!

[ದೃಶ್ಯ: ಬಯಲು, ಉದ್ದನೆ ರನ್‌ವೇ]
ಚಳ್ಳಕೆರೆ ತಾಲೂಕಿನಲ್ಲಿ ಡಿಆರ್‌ಡಿಒ ಪರೀಕ್ಷಾ ವಲಯ ಇದೆ. 2024ರ ಜೂನ್ 23, ಬೆಳಗ್ಗೆ 7.10. ವಾಯುಪಡೆಯ ಚಿನೂಕ್ ಹೆಲಿಕಾಪ್ಟರ್, ಇಸ್ರೋದ ರೆಕ್ಕೆಯ ವಾಹನ ‘ಪುಷ್ಪಕ್’ ಅನ್ನು ಹೊತ್ತು 4.5 ಕಿಲೋಮೀಟರ್ ಎತ್ತರಕ್ಕೆ ಹೋಯ್ತು. ಅಲ್ಲಿಂದ ಬಿಟ್ಟೇಬಿಡ್ತು.

ಒಳಗೆ ಪೈಲಟ್ ಇಲ್ಲ. ಬೇಕಂತಲೇ ರನ್‌ವೇ ನೇರಕ್ಕಿಂತ 500 ಮೀಟರ್ ಪಕ್ಕಕ್ಕೆ ಬಿಟ್ಟಿದ್ರು. ಪುಷ್ಪಕ್ ತಾನೇ ದಾರಿ ತಿದ್ದಿಕೊಂಡು ನಡುಗೆರೆಗೆ ಬಂತು. ನೆಲ ಮುಟ್ಟಿದಾಗ ವೇಗ ಗಂಟೆಗೆ 320 ಕಿಲೋಮೀಟರ್‌ಗೂ ಜಾಸ್ತಿ. ಪ್ರಯಾಣಿಕ ವಿಮಾನ ಇಳಿಯೋದು ಸುಮಾರು 260ರಲ್ಲಿ. ಹಿಂದೆ ಪ್ಯಾರಾಚೂಟ್ ಬಿಚ್ಚಿಕೊಳ್ತು, ವೇಗ ಸುಮಾರು 100ಕ್ಕೆ ಬಂತು. ಆಮೇಲೆ ಚಕ್ರದ ಬ್ರೇಕ್ ಹಿಡೀತು.

[ದೃಶ್ಯ: ಪುಷ್ಪಕ್ ರೆಕ್ಕೆ, ಹತ್ತಿರದಿಂದ]
ನಿಜವಾದ ವಿಶೇಷ ಇಲ್ಲಿದೆ. ಮಾರ್ಚ್‌ನಲ್ಲಿ ಇದೇ ರನ್‌ವೇಯಲ್ಲಿ ಇಳಿದಿದ್ದ ಅದೇ ವಾಹನವನ್ನ ಜೂನ್‌ನಲ್ಲಿ ಮತ್ತೆ ಬಳಸಿದ್ರು. ಅಮೆರಿಕದ ಖಾಸಗಿ ಕಂಪನಿ ಸ್ಪೇಸ್‌ಎಕ್ಸ್ ಗೆದ್ದಿದ್ದೂ ಮರುಬಳಕೆಯಿಂದಲೇ: 2015ರಲ್ಲಿ ರಾಕೆಟ್‌ನ ಮೊದಲ ಹಂತವನ್ನ ನೆಲಕ್ಕೆ ಇಳಿಸಿತು, 2017ರಲ್ಲಿ ಬಳಸಿದ ಹಂತವನ್ನೇ ಮತ್ತೆ ಹಾರಿಸಿತು. ಮರುಬಳಕೆಯಿಂದ ಉಡಾವಣೆ ಅಗ್ಗವಾದಷ್ಟೂ ಬೆಂಗಳೂರಿನ ಪಿಕ್ಸೆಲ್‌ನಂಥ ಉಪಗ್ರಹ ಕಂಪನಿಗಳಿಗೆ ದಾರಿ ಸಲೀಸು.

ಇಸ್ರೋದ ಮುಂದಿನ ಗುರಿ, ಕಕ್ಷೆಗೆ ಹೋಗಿ ಮರಳಿ ಇಳಿಯೋದು. ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯಲ್ಲಿ ಪಿಯುಸಿ ವಿಜ್ಞಾನ ಓದ್ತಿರೋ ಮಕ್ಕಳೇ, ಆ ಕೆಲಸಕ್ಕೆ ಎಂಜಿನಿಯರ್‌ಗಳು ಬೇಕು. ನಿಮ್ಮ ಜಿಲ್ಲೆಯ ರನ್‌ವೇ ಆಗಲೇ ತಯಾರಿದೆ, ನೀವೂ ತಯಾರಾಗಿ!