411 ಬಂತು ಅಂದರೆ ಡ್ರೈವ್ ಹೋಯ್ತು ಅಂತಲೇ?

ಪೀಣ್ಯದ ಯಾವ ಶೆಡ್ಡಿನಲ್ಲಾದರೂ ಸರಿ, ಫಾನುಕ್ ಕಂಟ್ರೋಲಿನ ವಿಎಂಸಿ (ವರ್ಟಿಕಲ್ ಮೆಷಿನಿಂಗ್ ಸೆಂಟರ್) ಕೆಲಸದ ನಡುವೆ ನಿಂತು ಪರದೆಯ ಮೇಲೆ ಎಸ್‌ವಿ 0411 ಎಂದು ಕೆಂಪಗೆ ಬಂದರೆ ಮೊದಲು ಕೇಳುವ ಮಾತು ಒಂದೇ: "ಸಾರ್, ಡ್ರೈವ್ ಹೋಗಿರ್ಬೇಕು." ಡ್ರೈವ್ ದುಬಾರಿ ಸಾಮಾನು. ಹಾಗಾಗಿ ಈ ಊಹೆಯೂ ದುಬಾರಿಯೇ.

411 ಹೇಳುವುದು ಇಷ್ಟೇ: ಅಕ್ಷ ಓಡುತ್ತಿರುವಾಗ, ಕಂಟ್ರೋಲು ಹೋಗು ಎಂದ ಜಾಗಕ್ಕೂ ಎನ್‌ಕೋಡರ್ ತೋರಿಸುವ ಜಾಗಕ್ಕೂ ನಡುವಿನ ಅಂತರ ಮಿತಿ ದಾಟಿದೆ. ಅಂತರ ಇರುವುದೇನೋ ಸಹಜ. ಲೂಪ್ ಗೇನ್ ಸೆಕೆಂಡಿಗೆ 30 ಇದ್ದು, ಫೀಡ್ ಫಾರ್ವರ್ಡ್ ಹಾಕದಿದ್ದರೆ, ನಿಮಿಷಕ್ಕೆ 6000 ಮಿ.ಮೀ. ವೇಗದಲ್ಲಿ ಟೇಬಲ್ಲು ಆದೇಶಕ್ಕಿಂತ ಸುಮಾರು 3.3 ಮಿ.ಮೀ. ಹಿಂದೆಯೇ ಓಡುತ್ತಿರುತ್ತದೆ. ಡಯಾಗ್ನೋಸಿಸ್ 300ರಲ್ಲಿ ಈ ಅಂತರ ಕಣ್ಣಿಗೇ ಕಾಣುತ್ತದೆ. ಅದು ಪ್ಯಾರಾಮೀಟರ್ 1828ರಲ್ಲಿ ಬರೆದ ಅಂಕಿಯನ್ನು ದಾಟಿದರೆ ಅಲಾರಂ. ಯಾಕೆ ದಾಟಿತು ಎಂಬುದು ಕಂಟ್ರೋಲಿಗೂ ಗೊತ್ತಿಲ್ಲ.

ಕಾರಣ ಡ್ರೈವಿನಲ್ಲೇ ಇರಬಹುದು. ಟೆಲಿಸ್ಕೋಪಿಕ್ ಕವರ್ ಅಡಿ ಸಿಕ್ಕಿಕೊಂಡ ಚಿಪ್ಸ್, ಎಣ್ಣೆ ಕಾಣದ ಸ್ಲೈಡು, ಬಿಗಿದ ಬಾಲ್ ಸ್ಕ್ರೂ ಬೇರಿಂಗ್, ಕೂಲಂಟ್ ಹೊಕ್ಕ ಮೋಟಾರ್ ಕನೆಕ್ಟರ್, ಇವೂ ಇರಬಹುದು. ಝಡ್ ಅಕ್ಷದಲ್ಲಾದರೆ ಮೊದಲು ಬ್ರೇಕ್ ನೋಡಬೇಕು. ಹೆಡ್ಡು ತನ್ನ ಭಾರಕ್ಕೆ ಕೆಳಗೆ ಜಾರದಂತೆ ಆ ಮೋಟಾರಿನಲ್ಲಿ ಬ್ರೇಕ್ ಇರುತ್ತದೆ. 24 ವೋಲ್ಟ್ ಬಂದರಷ್ಟೇ ಅದು ಬಿಡುತ್ತದೆ. ರಿಲೇ ಕಾಂಟಾಕ್ಟ್ ಸುಟ್ಟು ಆ 24 ವೋಲ್ಟ್ ತಲುಪದಿದ್ದರೆ ಮೋಟಾರು ಬ್ರೇಕಿನ ಜೊತೆ ಗುದ್ದಾಡುತ್ತದೆ, ಕರೆಂಟ್ ಏರುತ್ತದೆ, 411 ಅಥವಾ ಓವರ್‌ಲೋಡಿನ 436 ಬರುತ್ತದೆ. ಹೊಸ ಡ್ರೈವ್ ತಂದು ಕೂರಿಸಿದರೂ ಅದೇ ಅಲಾರಂ. ಕೆಟ್ಟಿದ್ದು ಬೆರಳಗಲದ ರಿಲೇ.

ಡ್ರೈವ್ ಮೇಲೇ ಅನುಮಾನ ಇದ್ದರೆ ಪರೀಕ್ಷೆಗೆ ಸುಲಭದ ದಾರಿಯಿದೆ. ಎಕ್ಸ್, ವೈ ಎರಡಕ್ಕೂ ಒಂದೇ ಮಾದರಿಯ ಡ್ರೈವ್ ಇದ್ದರೆ ಅದಲುಬದಲು ಮಾಡಿ. ಅಲಾರಂ ಡ್ರೈವಿನ ಜೊತೆ ಹೋದರೆ ಡ್ರೈವಿನದೇ ದೋಷ, ಹಳೆಯ ಅಕ್ಷದಲ್ಲೇ ಉಳಿದರೆ ಅಲ್ಲ. ಮೇನ್ ಆಫ್ ಮಾಡಿದ ತಕ್ಷಣ ಮಾತ್ರ ಕೈ ಹಾಕಬಾರದು. ಡಿಸಿ ಲಿಂಕಿನಲ್ಲಿ ಸುಮಾರು 300 ವೋಲ್ಟ್ ನಿಂತಿರುತ್ತದೆ, ಚಾರ್ಜ್ ದೀಪ ಪೂರ್ತಿ ಆರುವವರೆಗೂ ಕಾಯಬೇಕು.

"1828 ಜಾಸ್ತಿ ಮಾಡಿದರೆ ಅಲಾರಂ ನಿಲ್ಲುತ್ತೆ" ಎನ್ನುವ ಜಾಣರಿದ್ದಾರೆ. ನಿಲ್ಲುತ್ತದೆ, ಸುಳ್ಳಲ್ಲ. ಸ್ಲೈಡು ಹಿಡಿದುಕೊಂಡಿದ್ದರೆ ಹಿಡಿದುಕೊಂಡೇ ಇರುತ್ತದೆ. ಟೂಲ್ ಎಲ್ಲಾದರೂ ಗುದ್ದಿದರೆ ಮೆಷಿನ್ ಇನ್ನಷ್ಟು ದೂರ ನುಗ್ಗಿದ ಮೇಲೆ ನಿಲ್ಲುತ್ತದೆ.

ರೀಸೆಟ್ ಒತ್ತಿದಾಗ ಹೋದ ಅಲಾರಂ ಸರಿಯಾಯಿತೆಂದೇ ಲೆಕ್ಕ ಎಂಬುದೂ ಇಂಥದ್ದೇ. ರಾತ್ರಿ ಶಿಫ್ಟಿನಲ್ಲಿ ಎಷ್ಟು ಸಲ ರೀಸೆಟ್ ಬಿತ್ತು ಎಂದು ಬೆಳಿಗ್ಗೆ ಯಾರೂ ಹೇಳುವುದಿಲ್ಲ, ಅಲಾರಂ ಹಿಸ್ಟರಿ ಪುಟ ಹೇಳುತ್ತದೆ. ಹಲವು ಒಟ್ಟಿಗೆ ಬಂದಿದ್ದರೆ ಮೊದಲು ಬಂದದ್ದನ್ನು ಹುಡುಕಿ. ಡ್ರೈವ್ ರೆಡಿ ಇಲ್ಲ ಎನ್ನುವ 401 ಬಹಳ ಸಲ ಬೇರೊಂದರ ಬೆನ್ನಿಗೆ ಬರುತ್ತದೆ.

ಬೇಸಿಗೆ ಬಂತೆಂದರೆ ಎಲೆಕ್ಟ್ರಿಕಲ್ ಪ್ಯಾನಲ್ ಬಾಗಿಲು ತೆಗೆದು ಎದುರಿಗೆ ಪೆಡಸ್ಟಲ್ ಫ್ಯಾನ್ ನಿಲ್ಲಿಸುವುದು ನಮ್ಮ ಶೆಡ್ಡುಗಳ ಹಳೇ ಅಭ್ಯಾಸ. ಓವರ್‌ಹೀಟ್ ಅಲಾರಂ ಆ ಹೊತ್ತಿಗೆ ಹೋಗುತ್ತದೆ ನಿಜ. ಆದರೆ ಶೆಡ್ಡಿನ ಗಾಳಿಯಲ್ಲಿ ಕೂಲಂಟ್ ಮಂಜು, ಎಣ್ಣೆಯ ಜಿಡ್ಡು, ಎರಕದ ಕಪ್ಪು ಧೂಳು ಎಲ್ಲಾ ಇವೆ. ಫ್ಯಾನು ಅದನ್ನೇ ಒಳಗೆ ಊದಿ ಕಾರ್ಡುಗಳ ಮೇಲೆ ಕೂರಿಸುತ್ತದೆ. ಎಣ್ಣೆ ಕುಡಿದು ನಿಂತ ಒಳಗಿನ ಫ್ಯಾನ್ ಬದಲಿಸಿ, ಫಿಲ್ಟರ್ ತೊಳೆದು, ಬಾಗಿಲು ಮುಚ್ಚುವುದೇ ಸರಿ.

"ಪಕ್ಕದ ಶೆಡ್ಡಿನಲ್ಲೂ ಇದೇ ನಂಬರ್ ಬಂದಿತ್ತು" ಎಂಬ ಮಾತು 411ಕ್ಕೆ ಹೊಂದುತ್ತದೆ, 1000ದಿಂದ ಶುರುವಾಗುವ ಅಲಾರಮ್ಮುಗಳಿಗೆ ಹೊಂದುವುದಿಲ್ಲ. ಅವನ್ನು ಮೆಷಿನ್ ಕಟ್ಟಿದವರು ತಮ್ಮ ಲ್ಯಾಡರ್ ಪ್ರೋಗ್ರಾಮಿನಲ್ಲಿ ಬರೆದಿರುತ್ತಾರೆ. ಒಂದರಲ್ಲಿ ಲ್ಯೂಬ್ ಎಣ್ಣೆ ಕಡಿಮೆ ಎಂದಿದ್ದ ನಂಬರು ಇನ್ನೊಂದರಲ್ಲಿ ಗಾಳಿ ಒತ್ತಡ ಇಲ್ಲ ಎಂದಾಗಬಹುದು.

ಇನ್ನು ಬ್ಯಾಟರಿ. ಆಯುಧಪೂಜೆಗೆ ಕುಂಕುಮ ಹಚ್ಚಿ, ಬೂದುಗುಂಬಳ ಒಡೆದು, ಮೇನ್ ಆಫ್ ಮಾಡಿ ಊರಿಗೆ ಹೋಗುತ್ತಾರೆ. ರಜೆ ಮುಗಿಸಿ ಬಂದರೆ ಅಲಾರಂ 300, ಝೀರೋ (ಅಕ್ಷದ ಮೂಲಸ್ಥಾನ) ಹೋಗಿದೆ. "ಸಾಫ್ಟ್‌ವೇರ್ ಕೆಟ್ಟಿದೆ" ಎಂಬ ತೀರ್ಮಾನ. ಮೆಷಿನ್ ಆಫ್ ಇರುವಾಗ ಎನ್‌ಕೋಡರಿನ ನೆನಪು ಕಾಯುವುದು 6 ವೋಲ್ಟಿನ ಬ್ಯಾಟರಿ. ಅದು ಸೋಲುತ್ತಿದೆ ಎಂಬ ಎಚ್ಚರಿಕೆ ಹಬ್ಬಕ್ಕೆ ಮುಂಚೆಯೇ ಪರದೆಯ ಕೆಳಗೆ ಮಿನುಗುತ್ತಿರುತ್ತದೆ. ಬದಲಿಸುವಾಗ ಕರೆಂಟ್ ಆಫ್ ಮಾಡಬೇಕೆಂಬ ನಂಬಿಕೆ ಇಲ್ಲಿ ತಿರುಗಿ ಹೊಡೆಯುತ್ತದೆ. ಕಂಟ್ರೋಲ್ ಆನ್ ಇಟ್ಟು, ಎಮರ್ಜೆನ್ಸಿ ಒತ್ತಿ, ಆಮೇಲೆ ಬ್ಯಾಟರಿ ತೆಗೆಯಬೇಕು. ಆಫ್ ಮಾಡಿ ತೆಗೆದರೆ ಉಳಿದಿದ್ದ ಝೀರೋವೂ ಹೋಗಬಹುದು. ಆಮೇಲೆ ಅಂದಾಜಿಗೆ ಝೀರೋ ಹಿಡಿದರೆ ಮೊದಲು ಗೊತ್ತಾಗುವುದು ಟೂಲ್ ಚೇಂಜಿನಲ್ಲಿ: ಝಡ್ ಎತ್ತರ ತಪ್ಪಿ, ಟೂಲ್ ಬದಲಿಸುವ ಎಟಿಸಿ ತೋಳು ಹೋಲ್ಡರಿನ ತೋಡಿಗೆ ಕೂರದೆ ಅಂಚಿಗೆ ಬಡಿಯುತ್ತದೆ.