ರೋಮ್ ಹೋದ ಮೇಲೆ ಹಾಸಿದ ನೆಲ

ಮೊದಲು ಕೈಗೆ ಬಂದದ್ದು ಸಣ್ಣ ಸಣ್ಣ ಕಲ್ಲಿನ ಬಿಲ್ಲೆಗಳು. 1864ರಲ್ಲಿ, ಇಂಗ್ಲೆಂಡಿನ ಗ್ಲಾಸ್ಟರ್‌ಶೈರ್‌ನ ಚೆಡ್‌ವರ್ತ್ ಕಾಡಿನಲ್ಲಿ. ಮೊಲ ಹಿಡಿಯಲು ಬಿಲಕ್ಕೆ ಬಿಟ್ಟ ಫೆರೆಟ್ ಎಂಬ ಸಾಕುಪ್ರಾಣಿ ಮೇಲೆ ಬರಲೇ ಇಲ್ಲವೆಂದು ಕಾಡಿನ ಕಾವಲುಗಾರನೊಬ್ಬ ನೆಲ ಅಗೆದನಂತೆ. ಇದು ಅಲ್ಲಿನವರು ಹೇಳುವ ಕಥೆ. ಜೇಮ್ಸ್ ಫ್ಯಾರರ್ ಎಂಬ ಪ್ರಾಚೀನ ವಸ್ತುಗಳ ಆಸಕ್ತ ಮರ ಕಡಿಸಿ, ಮಣ್ಣು ತೆಗೆಸಿದ. ಆಹಾ, ಒಂದರ ಪಕ್ಕ ಒಂದು ಕೋಣೆ, ಅಂಗಳ, ಅಂಥ ಬಿಲ್ಲೆಗಳನ್ನೇ ಜೋಡಿಸಿದ ಬಣ್ಣಬಣ್ಣದ ಮೊಸಾಯಿಕ್ ನೆಲ! ಊಟದ ಕೋಣೆಯ ನೆಲದಲ್ಲಿ ಋತುಗಳು ಮನುಷ್ಯರೂಪ ತಳೆದಿದ್ದವು. ಚಳಿಗಾಲವಂತೂ ತಲೆಮುಸುಕಿನ ಕಂಬಳಿ ಹೊದ್ದು, ಒಂದು ಕೈಯಲ್ಲಿ ಬೋಳು ಕೊಂಬೆ, ಇನ್ನೊಂದರಲ್ಲಿ ಬೇಟೆಯಾಡಿದ ಮೊಲ ಹಿಡಿದು ನಿಂತಿತ್ತು.

ಅದು ರೋಮನ್ ಕಾಲದ ಸಿರಿವಂತರೊಬ್ಬರ ಹಳ್ಳಿಮನೆ. ಅದರಲ್ಲಿ ಸ್ನಾನಗೃಹ ಒಂದಲ್ಲ, ಎರಡು! ಒಂದು ಹಬೆಯದ್ದು, ಇನ್ನೊಂದು ಒಣ ಶಾಖದ್ದು. ನಮ್ಮ ಮಲೆನಾಡಿನ ಬಚ್ಚಲೊಲೆಯ ಬೆಂಕಿ ಹಂಡೆಯನ್ನು ಕಾಯಿಸುತ್ತದೆ. ಇಲ್ಲಿ ಬೆಂಕಿ ಇಡೀ ಕೋಣೆಯನ್ನೇ ಕಾಯಿಸುತ್ತಿತ್ತು. ನೆಲವನ್ನು ಗಿಡ್ಡ ಕಂಬಗಳ ಸಾಲಿನ ಮೇಲೆ ಎತ್ತಿ ನಿಲ್ಲಿಸಿದ್ದರು. ಹೊರಗಿನ ಒಲೆಯಿಂದ ಹೊರಟ ಬಿಸಿಗಾಳಿ ಕಂಬಗಳ ನಡುವೆ ನುಸುಳಿ, ಗೋಡೆಯೊಳಗೆ ಹುದುಗಿಸಿದ ಪೊಳ್ಳು ಹೆಂಚುಗಳ ಮೂಲಕ ಮೇಲೇರುತ್ತಿತ್ತು. ಕಾಲಡಿಯೂ ಬಿಸಿ, ಒರಗಿದ ಗೋಡೆಯೂ ಬಿಸಿ. ಆ ಚಳಿಯ ಸೀಮೆಯಲ್ಲಿ, ಸಾವಿರದ ಏಳುನೂರು ವರ್ಷಗಳ ಹಿಂದೆ! ಇಷ್ಟು ಸುಖಕ್ಕೆ ಹೊರಗೆ ಯಾರೋ ಕಟ್ಟಿಗೆ ತುಂಬುತ್ತಲೇ ಇರಬೇಕಿತ್ತು. ಅವರ ಹೆಸರು ಯಾವ ಕಲ್ಲಿನಲ್ಲೂ ಇಲ್ಲ.

ನೀರು ಎಲ್ಲಿಂದ? ಮನೆಯ ಮೂಲೆಯಲ್ಲೇ ಒರತೆ. ಅದಕ್ಕೊಂದು ಗುಡಿ ಕಟ್ಟಿ, ಎಂಟು ಮೂಲೆಯ ಕೊಳ ಮಾಡಿದ್ದರು. ಮುಂದೆ ಯಾರೋ ಅದರ ಅಂಚಿನ ಕಲ್ಲಿನಲ್ಲಿ ಕ್ರಿಸ್ತನ ಗುರುತು ಕೆತ್ತಿದರು. ದೇವರು ಬದಲಾದರೂ ಒರತೆ ಬತ್ತಲಿಲ್ಲ, ಇಂದಿಗೂ ಹರಿಯುತ್ತಿದೆ. ರೋಮನ್ನರು ತಿನ್ನಲೆಂದು ತಂದ ದೊಡ್ಡ ಬಸವನಹುಳುಗಳ ಸಂತತಿಯೂ ಆ ಸುತ್ತಿನಲ್ಲಿ ಇನ್ನೂ ಹರಿದಾಡುತ್ತಿದೆ!

ಇಷ್ಟಕ್ಕೇ ಬೆರಗಾದವರಿಗೆ 2020ರ ಡಿಸೆಂಬರ್‌ನಲ್ಲಿ ಇನ್ನೊಂದು ಸುದ್ದಿ ಬಂತು. ನನ್ನ ಮಟ್ಟಿಗೆ ಚೆಡ್‌ವರ್ತ್‌ನ ಎಲ್ಲ ಸೋಜಿಗಕ್ಕಿಂತ ದೊಡ್ಡದು ಇದೇ. ಈ ಜಾಗವನ್ನು ನೋಡಿಕೊಳ್ಳುವ ನ್ಯಾಷನಲ್ ಟ್ರಸ್ಟ್‌ನ ಪುರಾತತ್ವಜ್ಞ ಮಾರ್ಟಿನ್ ಪ್ಯಾಪ್‌ವರ್ತ್ ಮತ್ತು ಸಂಗಡಿಗರು ಉತ್ತರ ಸಾಲಿನ ಕೋಣೆಯೊಂದರ ಗೋಡೆಯ ಬುಡ ಅಗೆದಿದ್ದರು. ಪಾಯದ ಗುಂಡಿಯಲ್ಲಿ ಮೂಳೆಯ ತುಣುಕು, ಇದ್ದಿಲು ಸಿಕ್ಕವು. ಅವುಗಳ ವಯಸ್ಸು ಅಳೆದ ರೇಡಿಯೋಕಾರ್ಬನ್ ಪರೀಕ್ಷೆ ಹೇಳಿತು: ಈ ಗೋಡೆ ಎದ್ದದ್ದು ಕ್ರಿ.ಶ. 424ರ ನಂತರ. ಕೋಣೆಯ ಮೊಸಾಯಿಕ್ ಆ ಗೋಡೆಯ ಅಳತೆಗೇ ಕೂರುವಂತೆ ಇದೆ, ಅಂದರೆ ನೆಲ ಅದಕ್ಕಿಂತಲೂ ಈಚಿನದು!

ಆದರೆ ಬ್ರಿಟನ್ನಿನಲ್ಲಿ ರೋಮನ್ ಆಳ್ವಿಕೆ ಮುಗಿದದ್ದು ಸುಮಾರು 410ಕ್ಕೆ. ಸೈನ್ಯ ಹೋಗಿತ್ತು, ಅಧಿಕಾರಿಗಳಿರಲಿಲ್ಲ, ಪಟ್ಟಣಗಳು ಪಾಳು ಬೀಳುತ್ತಿದ್ದವು, ಜನ ಹೊಟ್ಟೆಪಾಡಿನ ಬೇಸಾಯಕ್ಕೆ ಮರಳಿದರು ಎಂದೇ ವಿದ್ವಾಂಸರು ಬಹುಕಾಲ ನಂಬಿದ್ದರು. ಅಂಥ ಹೊತ್ತಿನಲ್ಲಿ ಈ ಕಣಿವೆಯಲ್ಲಿ ಯಾರೋ ಹೊಸ ಕೋಣೆ ಕಟ್ಟಿಸಿ, ಕುಶಲಕರ್ಮಿಯನ್ನು ಕರೆಸಿ, ಹೂವು ಮತ್ತು ಹೆಣಿಗೆಗಳ ಚಿತ್ತಾರ ಹಾಸಿಸಿದರು!

ಹಿಂದಿನ ಶತಮಾನದ ನೆಲಗಳಷ್ಟು ನಯ ಇದರಲ್ಲಿಲ್ಲ. ಅಲ್ಲಲ್ಲಿ ತಪ್ಪುಗಳಿವೆ. ಕಲಿಸಿಕೊಡುವ ಕೈಗಳು ಆಗಲೇ ಕಡಿಮೆಯಾಗಿದ್ದವೇನೋ. ಆದರೂ ಆ ಕರ್ಮಿ ಮಂಡಿಯೂರಿ ಕೂತು, ಬಿಲ್ಲೆಯ ಪಕ್ಕ ಬಿಲ್ಲೆ ಇಡುತ್ತ, ಆ ಗೋಡೆಯಿಂದ ಈ ಗೋಡೆಯವರೆಗೆ ಹಾಸಿದ್ದಾನೆ.